ಸಾಕು ಎನ್ನುವಷ್ಟು ಆದಾಯ ಎಷ್ಟು?



ಒಂದು ಕುಟುಂಬ ಮಾನದಿಂದ ಬದುಕಲು ತಿಂಗಳಿಗೆ ಎಷ್ಟು ಆದಾಯ ಬೇಕು? ಈ ಪ್ರಶ್ನೆಯನ್ನು ನಾವು ಮನೆಯೊಳಗೆ ಪ್ರತಿದಿನ ಕೇಳಿಕೊಳ್ಳುತ್ತೇವೆ. ಆದರೆ ಹತ್ತು ಜನ ಸೇರಿದ ಕಡೆ ಕೇಳುವುದಿಲ್ಲ. ಇಲ್ಲದವನಿಗೆ ಹೇಳಿಕೊಳ್ಳಲು ಸಂಕೋಚ, ಇರುವವನಿಗೆ ಹೇಳಿದರೆ ಯಾರಾದರೂ ಕೈಯೊಡ್ಡಿಯಾರೆಂಬ ಅಂಜಿಕೆ. ಹೀಗೆ ಇಬ್ಬರೂ ಮೌನ ವಹಿಸಿದ್ದರಿಂದ ಒಂದು ಸಾರ್ವಜನಿಕ ಪ್ರಶ್ನೆಯು ಪ್ರತಿಯೊಂದು ಮನೆಯ ಗುಟ್ಟಾಗಿ ಉಳಿದುಬಿಟ್ಟಿದೆ. ಹರವೆಯ ಈ ಸಭೆಯಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕುಟುಂಬಗಳೂ ಸೇರಿರುವುದರಿಂದ, ಆ ಪ್ರಶ್ನೆಯನ್ನು ಇಂದು ಬಹಿರಂಗವಾಗಿಯೇ ಎತ್ತಿಕೊಳ್ಳೋಣ.

ಬೆಲೆಯೇರಿಕೆಯ ಬಗ್ಗೆ ನಿಮಗೆ ನಾನು ಹೇಳಬೇಕಾದುದು ಹೆಚ್ಚೇನೂ ಇಲ್ಲ. 2025ರ ಮೊದಲ ನಾಲ್ಕು ತಿಂಗಳನ್ನೇ ನೆನಪಿಸಿಕೊಳ್ಳಿ. ಜನವರಿಯಲ್ಲಿ ಸರಕಾರಿ ಬಸ್ಸಿನ ದರ ಶೇ. 15ರಷ್ಟು ಏರಿತು. ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂ. ದುಬಾರಿಯಾಯಿತು. ಅದೇ ತಿಂಗಳು ಅಡುಗೆ ಅನಿಲದ ಸಿಲಿಂಡರಿಗೆ 50 ರೂ. ಹೆಚ್ಚಿತು. ಒಂದೊಂದನ್ನೇ ಪ್ರತ್ಯೇಕವಾಗಿ ನೋಡಿದರೆ ಇವು ಸಣ್ಣ ಮೊತ್ತಗಳು. ಆದರೆ ಇವೆಲ್ಲವೂ ಒಂದೇ ಜೇಬಿನಿಂದ ಹೋಗುತ್ತವೆ. ಅರಿಶಿನ, ಬಾಳೆ, ಸಣ್ಣ ಈರುಳ್ಳಿ, ಟೊಮೆಟೊ ಬೆಳೆಯುವ ಸೀಮೆ ನಮ್ಮದು. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂ. ದಾಟಿದಾಗ ಕೊಳ್ಳುವವನು ಅತ್ತನು. ಬೆಲೆ ಕುಸಿದ ಋತುಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಬೆಳೆದವನು ಅಳುತ್ತಾನೆ. ಏರಿದಾಗ ಒಬ್ಬನಿಗೆ, ಇಳಿದಾಗ ಇನ್ನೊಬ್ಬನಿಗೆ ಎಂಬಂತೆ ಪೆಟ್ಟು ಬೀಳುವುದು ಬಡವನಿಗೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಹಿರಿಯರ ಗಾದೆ. ಒಳ್ಳೆಯ ಮಾತು. ಆದರೆ ವರ್ಷದಿಂದ ವರ್ಷಕ್ಕೆ ಹಾಸಿಗೆಯೇ ಕುಗ್ಗುತ್ತಾ ಹೋದರೆ ಮನುಷ್ಯನು ಕಾಲನ್ನು ಎಲ್ಲಿಯವರೆಗೆ ಮಡಚಿಯಾನು? ಆದ್ದರಿಂದ ಮೊದಲು ಹಾಸಿಗೆಯನ್ನು ಅಳೆಯಬೇಕಾಗಿದೆ.

ಅಳೆಯಲು ಸರಕಾರದ ಬಳಿ ಒಂದಲ್ಲ, ಹಲವು ಕೋಲುಗಳಿವೆ. 2011ರಲ್ಲಿ ಅಂದಿನ ಯೋಜನಾ ಆಯೋಗವು ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ನಗರದಲ್ಲಿ ದಿನಕ್ಕೆ 32 ರೂ. ಹಾಗೂ ಹಳ್ಳಿಯಲ್ಲಿ 26 ರೂ. ಖರ್ಚು ಮಾಡಬಲ್ಲವನು ಬಡವನಲ್ಲ ಎಂದು ತಿಳಿಸಿತ್ತು. ದೇಶವಿಡೀ ನಕ್ಕಿತು. 2014ರಲ್ಲಿ ರಂಗರಾಜನ್ ಸಮಿತಿ ಅದನ್ನು ನಗರಕ್ಕೆ 47, ಹಳ್ಳಿಗೆ 32 ಎಂದು ತಿದ್ದಿತು. 2024ರಲ್ಲಿ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳ ಪರಿಶೀಲನೆ ನಡೆದಾಗ ಅನ್ವಯಿಸಿದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂ. ಅಂದರೆ ತಿಂಗಳಿಗೆ 10 ಸಾವಿರ. ಐವರ ಕುಟುಂಬವಾದರೆ ತಲೆಗೆ ದಿನಕ್ಕೆ 66 ರೂ. ಇನ್ನೊಂದೆಡೆ, 2019ರಲ್ಲಿ ಆರ್ಥಿಕವಾಗಿ ಹಿಂದುಳಿದ ಸಾಮಾನ್ಯ ವರ್ಗದವರಿಗೆ ಮೀಸಲಾತಿ ತಂದಾಗ ಹಾಕಿದ ಮಿತಿ ವರ್ಷಕ್ಕೆ 8 ಲಕ್ಷ. 2025ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯಂತೆ ಆದಾಯ ತೆರಿಗೆ ಕಟ್ಟಬೇಕಿಲ್ಲವೆಂದ ಮಿತಿ 12 ಲಕ್ಷ. ತೆರಿಗೆಯ ಮುಂದೆ ವರ್ಷಕ್ಕೆ 12 ಲಕ್ಷ ಗಳಿಸುವವನಿಗೂ ವಿನಾಯಿತಿ, ಪಡಿತರದ ಮುಂದೆ 1.20 ಲಕ್ಷ ಮೀರಿದವನು ಅನುಕೂಲಸ್ಥ! ಒಂದೊಂದು ಮಿತಿಗೂ ಒಂದೊಂದು ಉದ್ದೇಶವಿದೆ ಎಂಬುದನ್ನು ಒಪ್ಪೋಣ. ಆದರೂ ಕೂಲಿಕಾರನ ಪಾಲಿಗೆ ಬಂದಾಗ ಮಾತ್ರ ಕೋಲು ಇಷ್ಟೊಂದು ಗಿಡ್ಡವಾಗುವುದೇಕೆ ಎಂದು ಕೇಳುವ ಹಕ್ಕು ನಮಗಿದೆ.

ಈಗ ಗಳಿಕೆಯನ್ನು ನೋಡಿ. 2025–26ನೇ ಸಾಲಿಗೆ ಕರ್ನಾಟಕದಲ್ಲಿ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂ. ಅದೇ ದರದಲ್ಲಿ ತಿಂಗಳಿಗೆ 26 ದಿನ ಕೆಲಸ ಸಿಕ್ಕಿತೆಂದೇ ಊಹಿಸಿದರೂ ಕೈಗೆ ಬರುವುದು 9,620 ರೂ. ಖರ್ಚನ್ನು ನೋಡಿ. ಕೇಂದ್ರ ಸರಕಾರವೇ ನಡೆಸಿದ 2023–24ರ ಕೌಟುಂಬಿಕ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚ ಹಳ್ಳಿಯಲ್ಲಿ 4,122 ರೂ., ಪಟ್ಟಣದಲ್ಲಿ 6,996 ರೂ. ಐವರ ಕುಟುಂಬಕ್ಕೆ ಹಳ್ಳಿಯಲ್ಲಿ 20,610 ರೂ., ಪಟ್ಟಣದಲ್ಲಿ 34,980 ರೂ. ಸರಾಸರಿಯಲ್ಲಿ ಶ್ರೀಮಂತರ ಖರ್ಚೂ ಸೇರಿರುವುದರಿಂದ ಇದನ್ನೇ ಅಗತ್ಯವೆಂದು ಕರೆಯಲಾಗದು. ಅದರ ಅರ್ಧವನ್ನೇ ಹಿಡಿದರೂ ಹಳ್ಳಿಯಲ್ಲಿ ಆ ಕೂಲಿ ಸಾಲದು. ಪಟ್ಟಣದಲ್ಲಂತೂ ಅಗತ್ಯದ ಹತ್ತಿರಕ್ಕೂ ಬಾರದು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂ., ಶಕ್ತಿ ಯೋಜನೆಯ ಉಚಿತ ಪ್ರಯಾಣ, ಅನ್ನಭಾಗ್ಯದ ಅಕ್ಕಿ ಇವುಗಳನ್ನು ಬಿಟ್ಟಿ ಭಾಗ್ಯವೆಂದು ಹೀಯಾಳಿಸುವವರು ಈ ಅಂತರವನ್ನು ಲೆಕ್ಕ ಹಾಕಿ ನೋಡಿಲ್ಲ. ಅವು ಹಸಿವನ್ನು ತಡೆದಿವೆ. ಆದರೆ ಅಂತರವನ್ನು ಪೂರ್ತಿ ತುಂಬಿಲ್ಲ.

ಹಾಗಾದರೆ ಉಳಿದ ಅಂತರವನ್ನು ತುಂಬುತ್ತಿರುವುದು ಯಾವುದು? ಸಹೋದರರೇ, ಸಾಲ! ನಮ್ಮ ಜಿಲ್ಲೆ ಅದನ್ನು ಕಣ್ಣಾರೆ ಕಂಡಿದೆ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಹೆಸರು ರಾಜ್ಯದ ಪತ್ರಿಕೆಗಳಲ್ಲಿ ಬಂತು. ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಿರುಕುಳ ತಾಳಲಾರದೆ ಕುಟುಂಬಗಳು ಮನೆಗೆ ಬೀಗ ಜಡಿದು ಊರು ತೊರೆದಿದ್ದವು. ಫೆಬ್ರವರಿ 12ರಂದು ರಾಜ್ಯ ಸರಕಾರವು ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಜೈಲು, 5 ಲಕ್ಷ ರೂ. ವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆ ತಂದಿತು. ಅದು ಸ್ವಾಗತಾರ್ಹ. ಆದರೆ ಕಾನೂನು ಬಾಗಿಲು ತಟ್ಟುವವನನ್ನು ತಡೆಯಬಲ್ಲುದೇ ಹೊರತು, ಆ ಮನೆಯವರು ಸಾಲಕ್ಕೆ ಸಹಿ ಹಾಕಿದ ದಿನದ ಅಗತ್ಯವನ್ನು ಅಳಿಸಲಾರದು.

ಇಲ್ಲಿಯೂ ಒಂದು ಅಳತೆಗೋಲಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷ ರೂ. ವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವನ್ನು ಮೈಕ್ರೋ ಫೈನಾನ್ಸ್ ಎನ್ನುತ್ತಾರೆ. ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು ಎಂಬುದು ಷರತ್ತು. ಅರ್ಧ! ತಿಂಗಳಿಗೆ 25 ಸಾವಿರ ಬರುವ ಮನೆಯಿಂದ 12,500 ರೂ. ಕಂತಿಗೆ ಹೋದರೂ ಅದು ನಿಯಮಬದ್ಧವೇ. ಉಳಿದ ಹಣದಲ್ಲಿ ಐವರಿಗೆ ತಲೆಗೆ 2,500 ರೂ. ಅದರಲ್ಲಿ ಊಟ, ಬಾಡಿಗೆ, ಶಾಲೆ, ಔಷಧಿ. ಈ ಸಾಲಗಳು ಬಹುಪಾಲು ಸ್ತ್ರೀಯರ ಗುಂಪುಗಳ ಹೆಸರಿನಲ್ಲಿರುತ್ತವೆ. ಒಬ್ಬಾಕೆ ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹೀಗೆ ಒಂದು ಮನೆಯ ಕೊರತೆಯು ನೆರೆಹೊರೆಯ ಜಗಳವಾಗಿ ಮಾರ್ಪಡುತ್ತದೆ. ಗಂಡಸರು ತಂದ ಖರ್ಚಿಗೆ ಹೆಂಗಸರು ಜಾಮೀನಾಗಿ ನಿಂತಿರುವ ಸ್ಥಿತಿ ಇದು.

ನಮ್ಮ ಸಮುದಾಯದ ಪಾಡು ಇನ್ನಷ್ಟು ಜಟಿಲ. ದುಡಿಯುವ ಮುಸ್ಲಿಮರಲ್ಲಿ ಶೇ. 61 ಮಂದಿ ಸ್ವಯಂ ಉದ್ಯೋಗಿಗಳೆಂದು 2006ರ ಸಾಚಾರ್ ವರದಿ ಗುರುತಿಸಿತ್ತು. ತರಕಾರಿ ಗಾಡಿ, ಗ್ಯಾರೇಜು, ಆಟೋ, ಹೊಲಿಗೆ, ಸಣ್ಣ ಅಂಗಡಿ. ಇವರಿಗೆ ಸಂಬಳದ ಚೀಟಿ ಇಲ್ಲ, ಭವಿಷ್ಯನಿಧಿ ಇಲ್ಲ, ರಜೆಯ ಸಂಬಳವಿಲ್ಲ. ಒಂದು ವಾರ ಜ್ವರ ಬಂದು ಮಲಗಿದರೆ ಆ ವಾರದ ಆದಾಯ ಸೊನ್ನೆ. ಅವರ ತಿಂಗಳ ಆದಾಯ ಎಷ್ಟೆಂಬುದು ಅನೇಕ ವೇಳೆ ಅವರಿಗೇ ತಿಳಿಯದು. ಗಲ್ಲಾಪೆಟ್ಟಿಗೆಯ ಹಣವೆಲ್ಲ ಲಾಭವಲ್ಲ, ಅದರಲ್ಲಿ ನಾಳೆಯ ಸರಕಿನ ಹಣವೂ ಇದೆ. ಬಂಡವಾಳವನ್ನೇ ಆದಾಯವೆಂದು ಉಂಡು ಮುಗಿಸಿದ ಅಂಗಡಿಗಳನ್ನು ನಾವೆಲ್ಲ ನೋಡಿದ್ದೇವೆ.

ಸರಿ, ಸಾಕು ಎನ್ನುವುದನ್ನು ಅಳೆಯುವುದು ಹೇಗೆ? 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನಕ್ಕೆ ಒಂದು ಸೂತ್ರ ರೂಪಿಸಿತು. ಒಬ್ಬ ದುಡಿಯುವವನ ಕುಟುಂಬವನ್ನು ಮೂರು ಘಟಕಗಳೆಂದು ಎಣಿಸಬೇಕು. ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನ, ದೀಪ ಇತ್ಯಾದಿಗೆ ಶೇ. 20. 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಶಿಕ್ಷಣ, ಚಿಕಿತ್ಸೆ, ಹಬ್ಬ, ಮದುವೆ, ಮುಪ್ಪು ಇವುಗಳಿಗಾಗಿ ಶೇ. 25ನ್ನೂ ಸೇರಿಸಬೇಕೆಂದಿತು. ಮನುಷ್ಯನಿಗೆ ಅನ್ನವೊಂದೇ ಸಾಲದು, ಹಬ್ಬವೂ ಬೇಕು, ಮುಪ್ಪಿಗೆ ಆಸರೆಯೂ ಬೇಕು ಎಂದು ನ್ಯಾಯಾಲಯವೇ ಒಪ್ಪಿತು. ಆದರೂ ಆ ಮೂರು ಘಟಕಗಳು ಗಂಡ, ಹೆಂಡತಿ, ಇಬ್ಬರು ಮಕ್ಕಳ ಲೆಕ್ಕ. ಮನೆಯಲ್ಲಿರುವ ವೃದ್ಧ ತಂದೆ ತಾಯಿಗೆ ಅದರಲ್ಲಿ ಜಾಗವಿಲ್ಲ.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿಯೂ ಈ ಚರ್ಚೆ ನಡೆದಿದೆ. ಹನಫೀ ವಿದ್ವಾಂಸರು ಬಡವನನ್ನು ಗುರುತಿಸಲು ನಿಸಾಬನ್ನು ಹಿಡಿದರು. ಅದು 87.48 ಗ್ರಾಂ ಚಿನ್ನ ಅಥವಾ 612.36 ಗ್ರಾಂ ಬೆಳ್ಳಿಯ ಮೌಲ್ಯ. ಶಾಫಿಈ ವಿದ್ವಾಂಸರು ಕಿಫಾಯವನ್ನು, ಅಂದರೆ ಅಗತ್ಯಕ್ಕೆ ಸಾಲುವಷ್ಟು ಗಳಿಕೆಯನ್ನು ಹಿಡಿದರು. ಅವರ ಪ್ರಕಾರ ಕೆಲಸವಿದ್ದೂ ಅಗತ್ಯ ಪೂರೈಸಲಾಗದವನು ಝಕಾತ್‌ಗೆ ಅರ್ಹನು. ಹಝ್ರತ್ ಅಬೂಬಕ್ಕರ್(ರ) ಖಲೀಫರಾದ ಬಳಿಕವೂ ಬಟ್ಟೆಯ ಗಂಟು ಹೊತ್ತು ಪೇಟೆಗೆ ಹೊರಟಾಗ, ಅವರನ್ನು ತಡೆದು ಬೈತುಲ್ ಮಾಲ್‌ನಿಂದ ಭತ್ಯೆ ನಿಗದಿಪಡಿಸಿದ ಘಟನೆ ಪ್ರಸಿದ್ಧವಾಗಿದೆ. ಅಲ್ಲಿ ನೋಡಿದ್ದು ಹುದ್ದೆಯ ಘನತೆಯನ್ನಲ್ಲ, ಕುಟುಂಬದ ಅಗತ್ಯವನ್ನು.

ಇವೆಲ್ಲವನ್ನೂ ಕೂಡಿಸಿ ನಾನು ನಿಮ್ಮ ಮುಂದೆ ಒಂದು ಸರಳ ಅಳತೆ ಇಡುತ್ತೇನೆ. ಊಟಕ್ಕೂ ಔಷಧಿಗೂ ಸಾಲ ಮಾಡದೆ ತಿಂಗಳು ಕಳೆಯಬೇಕು. ಒಬ್ಬರ ಕಾಯಿಲೆಯು ಇನ್ನೊಬ್ಬರನ್ನು ಶಾಲೆ ಬಿಡಿಸಬಾರದು. ಮನೆಯ ಹಿರಿಯರು ತಮ್ಮ ಮಾತ್ರೆಯ ಹಣ ಕೇಳಲು ಅಳುಕಬಾರದು. ಕೊನೆಗೆ, ತಿಂಗಳಿಗೆ ಹತ್ತು ರೂಪಾಯಿಯಾದರೂ ಇನ್ನೊಬ್ಬರಿಗೆ ಕೊಡಲು ಉಳಿಯಬೇಕು. ಈ ನಾಲ್ಕು ಸಾಧ್ಯವಾದರೆ ಅದು ಸಾಕಷ್ಟು ಆದಾಯ. ಅದಕ್ಕಿಂತ ಕಡಿಮೆಯಾದರೆ ಅದು ಆ ಕುಟುಂಬದ ದುರ್ಗುಣವಲ್ಲ, ಸಮಾಜದ ಅಪರಾಧ. ಅದಕ್ಕಿಂತ ಮೇಲಿದ್ದೂ ಸಾಲದು ಎನ್ನುವವನು ಮಾತ್ರ ತನ್ನ ಮನಸ್ಸನ್ನು ಪರಿಶೀಲಿಸಿಕೊಳ್ಳಬೇಕು.

ಈ ವ್ಯತ್ಯಾಸವನ್ನು ನಾವು ಮರೆತಿದ್ದೇವೆ. ಸಂತೃಪ್ತಿಯ ಉಪದೇಶವನ್ನು ಹಸಿದವನಿಗೆ ಮಾಡುವುದು ಕ್ರೌರ್ಯ; ಉಳ್ಳವನಿಗೆ ಮಾಡದಿರುವುದು ಹೇಡಿತನ. ಚಿನ್ನ 10 ಗ್ರಾಂಗೆ 1 ಲಕ್ಷ ರೂ. ದಾಟಿದ 2025ರಲ್ಲಿಯೂ ಮದುವೆ ಮಾತುಕತೆಗಳಲ್ಲಿ ಚಿನ್ನದ ಲೆಕ್ಕ ನಿಂತಿಲ್ಲ. ಉಳ್ಳವರು ಮದುವೆ ಮಂಟಪದಲ್ಲಿ ಒಂದು ಮಟ್ಟವನ್ನು ಸ್ಥಾಪಿಸುತ್ತಾರೆ; ಇಲ್ಲದವರು ಆ ಮಟ್ಟಕ್ಕೇರಲು ಸಾಲದ ಏಣಿ ಹುಡುಕುತ್ತಾರೆ. ಏಣಿ ಕೊಟ್ಟವನನ್ನು ಮಾತ್ರ ಶಪಿಸಿದರೆ ಸಾಲದು, ಮಟ್ಟವನ್ನು ಎತ್ತರಿಸಿದವನೂ ಉತ್ತರಿಸಬೇಕು.

ನಮ್ಮ ಜಮಾಅತ್‌ಗಳಲ್ಲಿ ಒಂದು ವಿನಂತಿ. ರಮಝಾನಿನಲ್ಲಿ ಆಹಾರದ ಕಿಟ್ ಹಂಚುವುದು ಒಳ್ಳೆಯದೇ. ಆದರೆ ಪ್ರತಿ ತಿಂಗಳೂ ಕೊರತೆ ಇರುವ ಮನೆಗೆ ವರ್ಷಕ್ಕೊಂದು ಕಿಟ್ ಪರಿಹಾರವಲ್ಲ. ಪ್ರತಿಯೊಂದು ಮನೆಯ ಆದಾಯ, ಸಾಲ, ಅಗತ್ಯಗಳನ್ನು ಇಬ್ಬರೋ ಮೂವರೋ ನಂಬಿಕಸ್ಥರು ಗುಟ್ಟಾಗಿ ಅರಿಯಲಿ. ಝಕಾತ್‌ನ ಹಕ್ಕುದಾರರಲ್ಲಿ ಸಾಲಗಾರರೂ ಸೇರಿದ್ದಾರೆಂಬುದು ನಮಗೆ ಗೊತ್ತಿರುವ ವಿಷಯ. ಹತ್ತು ಮನೆಗಳಿಗೆ ಚೂರು ಚೂರು ಹಂಚುವ ಬದಲು ಒಂದು ಮನೆಯ ಕಂತಿನ ಸಾಲವನ್ನು ತೀರಿಸಿ, ಮುಂದಿನ ವರ್ಷ ಇನ್ನೊಂದು ಮನೆಯನ್ನು ಕೈಗೆತ್ತಿಕೊಳ್ಳಲಿ.

ಸರಕಾರವನ್ನೂ ಕೇಳೋಣ. ಕನಿಷ್ಠ ವೇತನ ಜಾರಿಯಾಗಲಿ, ಬಿಪಿಎಲ್ ಮಿತಿಯು ಬೆಲೆಯೊಂದಿಗೆ ಏರಲಿ ಎಂದು ಎಲ್ಲ ಸಮುದಾಯಗಳ ದುಡಿಯುವವರ ಜೊತೆ ನಿಂತು ಕೇಳೋಣ. ಏಕೆಂದರೆ ಸಂತೆಯಲ್ಲಿ ತಕ್ಕಡಿಯು ಯಾರ ಜಾತಿಯನ್ನೂ ಕೇಳುವುದಿಲ್ಲ.

ಆದರೆ ಸರಕಾರವನ್ನು ಕೇಳುವ ಮುನ್ನ ಒಂದು ಪ್ರಶ್ನೆ ಈ ಸಭೆಯಲ್ಲಿಯೇ ಉತ್ತರ ಬಯಸುತ್ತದೆ. ನಮ್ಮಲ್ಲಿ ಅಂಗಡಿ, ಹೋಟೆಲು, ಗ್ಯಾರೇಜು ನಡೆಸುವವರಿದ್ದೀರಿ. ನಿಮ್ಮ ಕೈಕೆಳಗೆ ದುಡಿಯುವವರಿದ್ದಾರೆ. ಅವರಿಗೆ ನೀವು ಕೊಡುವ ಸಂಬಳದಿಂದ ನಿಮ್ಮ ಮನೆಯನ್ನು ಒಂದು ತಿಂಗಳು ನಡೆಸಲು ನಿಮಗೆ ಸಾಧ್ಯವೇ? ಇಂದು ರಾತ್ರಿ ಮನೆಗೆ ಹೋಗಿ, ನಿಮ್ಮ ಪತ್ನಿಯೊಂದಿಗೆ ಕುಳಿತು, ಕಾಗದದ ಮೇಲೆ ಆ ಲೆಕ್ಕ ಬರೆದು ನೋಡಿ. ಉತ್ತರವನ್ನು ನನಗೆ ಹೇಳಬೇಕಾಗಿಲ್ಲ. ಮುಂದಿನ ತಿಂಗಳ ಸಂಬಳ ಕೊಡುವಾಗ ಅವರಿಗೆ ಹೇಳಿದರೆ ಸಾಕು.