ದಂಡೆ ಕುಸಿಯುವ ಮುನ್ನ

ಮಳೆಗಾಲ ಬಂತೆಂದರೆ ನಗರಸಭೆಗಳ ಕಾರ್ಯಸೂಚಿಯಲ್ಲಿ ಒಂದು ಪದ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ: 'ತುರ್ತು'. ಸರೋವರದ ದಂಡೆಯ ಇಳಿಜಾರು ಬಿರುಕು ಬಿಟ್ಟಿದೆ. ಅದರ ಮೇಲೆ ರಸ್ತೆಯಿದೆ, ರಸ್ತೆಯ ಬದಿಗೆ ಮನೆಗಳಿವೆ, ಮನೆಗಳಲ್ಲಿ ಜನರಿದ್ದಾರೆ. ಸಭೆ ಸೇರುತ್ತದೆ. ಟೆಂಡರು ಕರೆಯುವಷ್ಟು ವ್ಯವಧಾನವಿಲ್ಲ, ಇಂದೇ ಗೋಡೆ ಕಟ್ಟಿಸಿ ಎನ್ನುತ್ತಾರೆ ಒಬ್ಬರು. ಮಣ್ಣನ್ನು ಪರೀಕ್ಷಿಸದೆ ಕಟ್ಟಿದರೆ ಜನರ ಹಣವನ್ನು ನೀರಿಗೆ ಸುರಿದಂತೆ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಇಕ್ಕಟ್ಟು ಇರುವುದೇ ಅಲ್ಲಿ. ಈ ಇಕ್ಕಟ್ಟನ್ನು ಒಂದೂವರೆ ಶತಮಾನದಿಂದ ಬಲ್ಲ ಊರೊಂದರ ವೃತ್ತಾಂತವನ್ನು ಇಂದು ನಿಮ್ಮ ಮುಂದಿಡಬಯಸುತ್ತೇನೆ.

ಹಿಮಾಲಯದ ಕುಮಾವೂಂ ಸೀಮೆಯ ನೈನಿತಾಲ್ ಆ ಊರು. ಸಮುದ್ರಮಟ್ಟದಿಂದ 1,900 ಮೀಟರಿಗೂ ಎತ್ತರದಲ್ಲಿ ಒಂದು ಸರೋವರ. ಅದರ ಸುತ್ತ ಕಡಿದಾದ ಬೆಟ್ಟಗಳು. ಬೆಟ್ಟಕ್ಕೂ ನೀರಿಗೂ ನಡುವಿನ ಇಕ್ಕಟ್ಟಾದ ನೆಲದಲ್ಲಿ ಪೇಟೆ. 1845ರಲ್ಲಿಯೇ ಅಲ್ಲಿ ಪುರಸಭೆ ಸ್ಥಾಪನೆಯಾಯಿತು. ನೋಡಲು ರಮ್ಯವಾದ ಆ ಬೆಟ್ಟಗಳ ಒಡಲು ಮಾತ್ರ ದುರ್ಬಲ. ಸೀಳುಬಿಟ್ಟ ಪದರಗಲ್ಲು, ಸುಣ್ಣಕಲ್ಲು. ಸರೋವರದ ನಡುವೆಯೇ ಹಾದುಹೋಗುವ ಭೂಸ್ತರಭಂಗ.

1880ರ ಸೆಪ್ಟೆಂಬರಿನಲ್ಲಿ ಅಲ್ಲಿ ಬಿಡುವಿಲ್ಲದೆ ಮಳೆ ಸುರಿಯಿತು. 18ನೆಯ ತಾರೀಖಿನ ಬೆಳಗ್ಗೆ ಉತ್ತರದ ಬೆಟ್ಟದ ಒಂದು ಪಾಲು ಜಾರಿ, ವಿಕ್ಟೋರಿಯಾ ಹೋಟೆಲಿನ ಹಿಂಬದಿಯ ಕಟ್ಟಡಗಳನ್ನು ಮುಚ್ಚಿತು. ಹೂತುಹೋದವರನ್ನು ಹೊರತೆಗೆಯಲು ಅಧಿಕಾರಿಗಳು, ಸೈನಿಕರು, ಕೂಲಿಗಳು ಧಾವಿಸಿದರು. ಮಧ್ಯಾಹ್ನ ಒಂದು ಗಂಟೆ ಕಳೆದ ಮೇಲೆ, ಅವರಿನ್ನೂ ಮಣ್ಣು ಅಗೆಯುತ್ತಿರುವಾಗಲೇ, ಬೆಟ್ಟದ ದೊಡ್ಡ ಭಾಗವೇ ಕೆಳಗಿಳಿಯಿತು. ಕೆಲವೇ ಕ್ಷಣಗಳಲ್ಲಿ ಹೋಟೆಲೂ ದೇವಾಲಯವೂ ಅಗೆಯುತ್ತಿದ್ದವರೂ ಕಣ್ಮರೆಯಾದರು. ಸತ್ತವರು 151 ಮಂದಿ: 108 ಜನ ಭಾರತೀಯರು, 43 ಜನ ಯುರೋಪಿಯನ್ನರು. ತುರ್ತುಕಾರ್ಯಕ್ಕೆ ಕೈಹಾಕಿದವರನ್ನೇ ನುಂಗಿದ ಕುಸಿತವದು. ಬೆಟ್ಟ ಅಲುಗಿದ ಮೇಲೆ ಮಾಡುವ ದುರಸ್ತಿ ಎಷ್ಟು ಅಪಾಯದ ಕೆಲಸವೆಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷಿ ಬೇಕಿಲ್ಲ.

ಆಮೇಲೆ ಭೂಗರ್ಭಶಾಸ್ತ್ರಜ್ಞರು ಬಂದರು. ಅದೇ ವರ್ಷ ಓಲ್ಡ್‌ಹ್ಯಾಮ್, 1890ರಲ್ಲಿ ಮಿಡ್ಲ್‌ಮಿಸ್ ಆ ಬೆಟ್ಟಗಳ ಬಗೆಗೆ ಬರೆದರು. ಊರಿನವರು ಕಲಿತ ಪಾಠ ಸರಳವಾದದ್ದು: ಬೆಟ್ಟವನ್ನು ಹಿಡಿದು ನಿಲ್ಲಿಸುವುದು ಮನುಷ್ಯನ ಶಕ್ತಿಗೆ ಮೀರಿದ್ದು, ಅದರೊಳಕ್ಕೆ ನೀರು ಇಳಿಯದಂತೆ ನೋಡಿಕೊಳ್ಳುವುದು ಸಾಧ್ಯವಾದದ್ದು. ಅದರಂತೆ ಇಳಿಜಾರಿನುದ್ದಕ್ಕೂ ಕಲ್ಲಿನ ನಾಲೆಗಳನ್ನು ಕಟ್ಟಿ ಮಳೆನೀರನ್ನು ಸರೋವರಕ್ಕೆ ಇಳಿಸಿದರು. ಆ ನಾಲೆಗಳೇ ಇಂದಿಗೂ ಊರಿನ ರಕ್ಷೆ. ಕಾಲ ಸರಿದಂತೆ ಅವುಗಳಲ್ಲಿ ಕಸ ತುಂಬಿತು. ಎಷ್ಟೋ ಕಡೆ ಕಟ್ಟಡಗಳು ಅವುಗಳನ್ನು ಒತ್ತರಿಸಿದವು. 2018ರ ಆಗಸ್ಟ್ 18ರಂದು ಸರೋವರದಂಚಿನ ಕೆಳಗಿನ ಮಾಲ್ ರಸ್ತೆಯ ಸುಮಾರು 25 ಮೀಟರು ಉದ್ದದ ಭಾಗ ನೀರಿಗೆ ಜಾರಿತು. ಅದೇ ದಿನಗಳಲ್ಲಿ ನಮ್ಮ ಕೊಡಗಿನ ಬೆಟ್ಟಗಳೂ ಕುಸಿದು ಮಡಿಕೇರಿಯ ಸುತ್ತಲಿನ ಊರುಗಳು ತತ್ತರಿಸಿದ್ದವು. ದೂರದ ನೈನಿತಾಲಿನ ಸುದ್ದಿ ನಮ್ಮಲ್ಲಿ ಹಲವರ ಕಿವಿಗೆ ಬೀಳದೆ ಹೋದದ್ದು ಸಹಜ.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಮಣ್ಣಿನ ಶಾಸ್ತ್ರ ನನ್ನದಲ್ಲ. ಆದರೆ ವಿಜಯನಗರದ ಕಾಲವನ್ನು ಕುರಿತು ಹೇಳುವಾಗ ಪೋರುಮಾಮಿಳ್ಳದ ಶಾಸನ ನೆನಪಾಗದೆ ಇರುತ್ತಿರಲಿಲ್ಲ. ಮೊದಲನೆಯ ಬುಕ್ಕನ ಮಗ ಭಾಸ್ಕರನು ಕಡಪ ಸೀಮೆಯಲ್ಲಿ ಕಟ್ಟಿಸಿದ ಕೆರೆಯ ಕುರಿತು 1369ರಲ್ಲಿ ಬರೆಸಿದ ಸಂಸ್ಕೃತ ಶಾಸನವದು. ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು, ಬರಬಾರದ ಆರು ದೋಷಗಳನ್ನು ಅದು ಎಣಿಸುತ್ತದೆ. ದೋಷಗಳಲ್ಲಿ ಮೊದಲನೆಯದು, ಏರಿಯಿಂದ ನೀರು ಜಿನುಗುವುದು. ಏರಿ ಒಡೆಯುವುದನ್ನಲ್ಲ, ಜಿನುಗುವುದನ್ನೇ ಆ ಹಿರಿಯರು ದೋಷವೆಂದು ಕರೆದರು. ಇಂದಿನ ಎಂಜಿನಿಯರು ಹೇಳುವುದೂ ಇದನ್ನೇ: ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಹೆಚ್ಚಿದಂತೆ ಅವುಗಳ ಪರಸ್ಪರ ಹಿಡಿತ ಸಡಿಲವಾಗುತ್ತದೆ. ಸರೋವರದ ಮಟ್ಟ ಒಮ್ಮೆಲೇ ಇಳಿದರೂ ಅಪಾಯವೇ. ಹೊರಗಿನಿಂದ ಒತ್ತಿ ಹಿಡಿದಿದ್ದ ನೀರು ಸರಿದುಹೋಗುತ್ತದೆ, ಒಳಗೆ ಸಿಕ್ಕಿಕೊಂಡ ನೀರು ಉಳಿಯುತ್ತದೆ.

ಹಾಗಾದರೆ ಸಭೆಯಲ್ಲಿ ಕುಳಿತ ಸದಸ್ಯರು ಏನು ಮಾಡಬೇಕು? ನನಗೆ ತೋರುವ ಕ್ರಮ ಇದು. ಮೊದಲು ಜನ: ಇಳಿಜಾರಿನ ಮೇಲೂ ಕೆಳಗೂ ಇರುವವರನ್ನು ಅಂದೇ ಸ್ಥಳಾಂತರಿಸಿ ರಸ್ತೆಯನ್ನು ಮುಚ್ಚಬೇಕು. ಅಂಗಡಿಯವರು ಗೊಣಗಿಯಾರು; ಗೊಣಗಲು ಅವರು ಬದುಕಿರುವುದೇ ಲಾಭ. ಎರಡನೆಯದು ನೀರು: ಬಿರುಕುಗಳನ್ನು ಮುಚ್ಚಿ, ಮೇಲಿನ ನೀರನ್ನು ಬೇರೆ ದಾರಿಗೆ ತಿರುಗಿಸಬೇಕು. ಇವೆರಡಕ್ಕೂ ಯಾವ ವರದಿಗೂ ಕಾಯಬೇಕಾಗಿಲ್ಲ. ಗೋಡೆ ಮೂರನೆಯದು; ಅದನ್ನು ಮಣ್ಣು ಬಲ್ಲವರ ಮಾತು ಕೇಳಿ, ನೀರು ಹೊರಬರಲು ಕಿಂಡಿಗಳನ್ನಿರಿಸಿ ಕಟ್ಟಬೇಕು. ಕಿಂಡಿಯಿಲ್ಲದ ಗೋಡೆ ತಾನು ತಡೆಯಬೇಕಾದ ಶತ್ರುವನ್ನು ಬೆನ್ನಹಿಂದೆಯೇ ಸಾಕುತ್ತದೆ. ಹೀಗೆ ನೋಡಿದರೆ, ಅವಸರ ಬೇಕೆಂದವರೂ ತಾಳ್ಮೆ ಬೇಕೆಂದವರೂ ಜಗಳವಾಡಬೇಕಾಗಿಲ್ಲ. ಅವಸರ ಮೊದಲೆರಡಕ್ಕೆ, ತಾಳ್ಮೆ ಮೂರನೆಯದಕ್ಕೆ.

ಹಣವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಗೋಡೆಗೆ ಗುದ್ದಲಿಪೂಜೆಯಾಗುತ್ತದೆ, ಹೆಸರು ಕೆತ್ತಿದ ಕಲ್ಲು ನಿಲ್ಲುತ್ತದೆ. ನಾಲೆಯ ಹೂಳೆತ್ತಿದ್ದಕ್ಕೆ ಹಾರ ಹಾಕುವವರಿಲ್ಲ. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಕೆರೆಯ ಪಾಲನೆಗೆಂದೇ ಬಿಟ್ಟ ಬಿತ್ತುವಟ್ಟದ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ಕಟ್ಟಿದವನ ಕೀರ್ತಿಯ ಜೊತೆಗೇ ಕಾಯುವವನ ಅನ್ನಕ್ಕೂ ಅವರು ವ್ಯವಸ್ಥೆ ಮಾಡಿದ್ದರು. ನಮ್ಮ ಆಯವ್ಯಯ ಪತ್ರಗಳಲ್ಲಿ ಕಾಣೆಯಾಗಿರುವುದು ಈ ಎರಡನೆಯ ಕಲಮು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಗೆ ನಾವು ನಗುತ್ತೇವೆ. ಶ್ರಾವಣದ ಸಭೆಯಲ್ಲಿ ದಂಡೆಯ ದುರಸ್ತಿಗೆ ಒಮ್ಮತದಿಂದ ಕೈಯೆತ್ತುವ ಸದಸ್ಯರನ್ನು, ಫಾಲ್ಗುಣದಲ್ಲಿ, ಆಕಾಶ ತಿಳಿಯಾಗಿ ನಾಲೆ ಒಣಗಿರುವಾಗ, ಅದನ್ನು ಗುಡಿಸುವ ನಾಲ್ಕು ಆಳುಗಳ ಕೂಲಿಗೂ ಕೈಯೆತ್ತಿರೆಂದು ಕೇಳಬೇಕಾದವರು ನಾವೇ.