ಜಮಖಾನದ ಗುಟ್ಟು, ಕುಂದಗೋಳದ ರೈಲು

(ನವಲಗುಂದದಲ್ಲಿ ಮಾನವ ಸಂಪನ್ಮೂಲ ವೃತ್ತಿಪರರ ಸಂಘ ಏರ್ಪಡಿಸಿದ್ದ ಉದ್ಯೋಗ ಮೇಳ ಮತ್ತು ಕೌಶಲ ಪ್ರದರ್ಶನದ ಉದ್ಘಾಟನಾ ಭಾಷಣ)



ನೌಕರಿ ಬೇಕೆಂದು ನವಲಗುಂದಕ್ಕೆ ಬರುವುದು ಹೊಸ ಸಂಗತಿಯೇನಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ಇಲ್ಲಿನ ರಾಮಲಿಂಗ ಕಾಮಣ್ಣನ ಮುಂದೆ ನಿಲ್ಲುವ ಪಾಳಿಯನ್ನು ನೋಡಿದವರಿಗೆ ಇದು ಗೊತ್ತು. ಮಕ್ಕಳಾಗಲಿ ಎಂದು ತೊಟ್ಟಿಲ ಹರಕೆ ಹೊತ್ತವರು, ಲಗ್ನ ಕೂಡಿಬರಲಿ ಎನ್ನುವವರು, ಅವರ ನಡುವೆ ನೌಕರಿ ಸಿಗಲಿ ಎಂದು ಕೈಮುಗಿದವರು. ಕಾಮಣ್ಣ ಬಯೋಡೇಟಾ ಕೇಳುವುದಿಲ್ಲ. ಎಷ್ಟು ವರ್ಷದ ಅನುಭವ ಎನ್ನುವುದಿಲ್ಲ. ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂಬ ಉಸಾಬರಿಗೆ ಹೋಗುವುದೇ ಇಲ್ಲ. ಎಚ್.ಆರ್. ಎಂದು ಕರೆಸಿಕೊಳ್ಳುವ ನಾವು ಈ ಮೂರನ್ನೂ ಕೇಳುತ್ತೇವೆ. ಅದಕ್ಕೇ ಅವನ ಪಾಳಿ ನಮ್ಮ ಪಾಳಿಗಿಂತ ಉದ್ದ.

ದೀಪ ಹಚ್ಚುವ ಮೊದಲು ಮಳಿಗೆಗಳನ್ನು ಒಂದು ಸುತ್ತು ಹಾಕಿ ಬಂದೆ. ಕಲಘಟಗಿಯ ಬಣ್ಣದ ತೊಟ್ಟಿಲು ಇಟ್ಟಲ್ಲಿ ಜನ ಮುಗಿಬಿದ್ದಿದ್ದರು. ಹೆಚ್ಚು ಹೊತ್ತು ನಾನು ನಿಂತದ್ದು ಮಾತ್ರ ಜಮಖಾನದ ಮಗ್ಗದ ಮುಂದೆ. ನೆಟ್ಟಗೆ ನಿಲ್ಲಿಸಿದ ಮಗ್ಗ, ಎದುರಿಗೆ ಕೂತ ಒಬ್ಬ ಅಕ್ಕ, ಕೈಯಲ್ಲಿ ಪಂಜಾ. ಎಳೆ ತೂರಿಸುವುದು, ಪಂಜಾದಿಂದ ಬಡಿದು ಕೂರಿಸುವುದು. ಮತ್ತೆ ಎಳೆ, ಮತ್ತೆ ಬಡಿತ. ನವಿಲು ಮತ್ತು ಪಗಡೆ ಹಾಸಿನ ಚಿತ್ತಾರದ ಈ ಜಮಖಾನಕ್ಕೆ ಜಿ.ಐ. ಟ್ಯಾಗ್ ಇದೆ ಎಂದು ನಾವೆಲ್ಲ ಹೆಮ್ಮೆಪಡುತ್ತೇವೆ. ಆದರೆ ನೇಯುವ ಕೈಗಳು ಈಗ ಕೆಲವೇ ಉಳಿದಿವೆ.

ಆದಿಲಶಾಹಿಯ ಕಾಲದಲ್ಲಿ ಬಿಜಾಪುರದಿಂದ ಬಂದ ಮನೆತನಗಳು ಈ ಕಸುಬನ್ನು ಇಲ್ಲಿ ಬೇರೂರಿಸಿದವು ಎಂಬ ಹೇಳಿಕೆ ಇದೆ. ನೇಯುವವರು ಹೆಣ್ಣುಮಕ್ಕಳೇ. ಆದರೂ ಮನೆಯ ಮಗಳಿಗೆ ಕಲಿಸುತ್ತಿರಲಿಲ್ಲವಂತೆ, ಸೊಸೆಗೆ ಕಲಿಸುತ್ತಿದ್ದರಂತೆ. ಮಗಳು ಲಗ್ನವಾಗಿ ಹೋದ ಮನೆಗೆ ಗುಟ್ಟೂ ಹೋದೀತು ಎಂಬ ಅಂಜಿಕೆ. ನಾನು ಅವರನ್ನು ದೂರಲಾರೆ. ಹೊಲವಿಲ್ಲದವರಿಗೆ ಕೈಯ ಕಸುಬೇ ಹೊಲ, ಅದಕ್ಕೆ ಬದು ಹಾಕಿಕೊಂಡರು. ಆದರೆ ಆ ಬದುವಿನೊಳಗೇ ಕಸುಬು ಸೊರಗಿತು ಎಂಬುದನ್ನೂ ಹೇಳದಿದ್ದರೆ ಸುಳ್ಳಾಗುತ್ತದೆ.

ಇದೇ ಜಿಲ್ಲೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಸಂಗತಿಯೂ ನಡೆಯಿತು. ಕುಂದಗೋಳದ ರಾಮಭಾವು ಎಂಬ ಹುಡುಗನಿಗೆ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ಸಾಹೇಬರು ಸಂಗೀತ ವಿದ್ಯೆ ಧಾರೆಯೆರೆದರು. ಹುಡುಗ ಅವರ ಮನೆಯವನಲ್ಲ, ಅವರ ಭಾಷೆಯವನೂ ಅಲ್ಲ. ಅವನೇ ಸವಾಯಿ ಗಂಧರ್ವನಾದ. ಸವಾಯಿ ಗಂಧರ್ವರು ಊರಿಗೆ ಮರಳಿ ನೆಲೆಸಿದಾಗ ಗದಗಿನ ಕಡೆಯ ಭೀಮಸೇನ ಜೋಶಿ 1936ರ ಸುಮಾರಿಗೆ ಬಂದು ಗುರುವಿನ ಮನೆಗೆ ನೀರು ಹೊತ್ತು, ವರ್ಷಗಟ್ಟಲೆ ಕೂತು ಕಲಿತರು. ಗಂಗೂಬಾಯಿ ಹಾನಗಲ್ಲರು ಮನೆ, ಮಕ್ಕಳನ್ನು ನೋಡಿಕೊಂಡು ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಬಂದು, ಪಾಠ ಮುಗಿಸಿ ಮತ್ತೆ ರೈಲು ಹಿಡಿದು ಹೋಗುತ್ತಿದ್ದರು. ಪ್ರಮಾಣಪತ್ರ ಇಲ್ಲ, ಪ್ರಯಾಣ ಭತ್ಯೆಯೂ ಇಲ್ಲ. ನಮ್ಮ ಸಂಘಗಳು ವೃತ್ತಿ ಬೆಳವಣಿಗೆ ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸುವಾಗಲೆಲ್ಲ ನನಗೆ ಆ ರೈಲು ನೆನಪಾಗುತ್ತದೆ.

ನೀವು ಕೇಳಬಹುದು: ಎಚ್.ಆರ್. ಸಂಘಕ್ಕೂ ಜಮಖಾನಕ್ಕೂ ಎಲ್ಲಿಯ ಸಂಬಂಧ? ಸಂಬಂಧ ಇದೆ. ನಮ್ಮ ವೃತ್ತಿಯಲ್ಲೂ ಮಗಳಿಗೆ ಕಲಿಸದ ಗುಟ್ಟುಗಳಿವೆ. ಒಳ್ಳೆಯ ಫಿಟ್ಟರ್ ಯಾವ ಊರಿನಲ್ಲಿದ್ದಾನೆ ಎಂದು ಪಕ್ಕದ ಕಾರ್ಖಾನೆಯವರಿಗೆ ಹೇಳುವುದಿಲ್ಲ. ತರಬೇತಿಗೆ ಬರೆದುಕೊಂಡ ಟಿಪ್ಪಣಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತೇವೆ. ಕಿರಿಯ ಸಹಾಯಕನಿಗೆ ಮಸ್ಟರ್ ತುಂಬಲು ಕಲಿಸುತ್ತೇವೆ, ವಿಚಾರಣೆ ನಡೆಸಲು ಕಲಿಸುವುದಿಲ್ಲ. ಇಂಥ ಕೀಲಿ ತೆಗೆಯುವುದು ಸಂಘದ ಕೆಲಸ. ಬೆಲೂರು ಕೈಗಾರಿಕಾ ಪ್ರದೇಶದ ದೊಡ್ಡ ಕಂಪನಿಯ ಅಧಿಕಾರಿ ಅಣ್ಣಿಗೇರಿಯ ಜಿನ್ನಿಂಗ್ ಗಿರಣಿಯ ಮುನೀಮರ ಪಕ್ಕ ಕೂತು ಹಾಜರಿ ಪುಸ್ತಕ ಬಿಚ್ಚಿದ ದಿನ ಸಂಘ ಹುಟ್ಟಿತು ಎನ್ನಬಹುದು. ಹೋಟೆಲಿನ ಹಾಲಿನಲ್ಲಿ ಸ್ಲೈಡ್ ತೋರಿಸಿ, ನೆನಪಿನ ಕಾಣಿಕೆ ಕೊಟ್ಟು, ಫೋಟೊ ಹೊಡೆಸಿಕೊಂಡು ಊಟಕ್ಕೆ ಏಳುವ ಸಭೆಗಳನ್ನು ನಾನೂ ಬೇಕಾದಷ್ಟು ಮಾಡಿದ್ದೇನೆ. ಆ ಊಟಗಳು ಚೆನ್ನಾಗಿದ್ದವು. ಅದಕ್ಕಿಂತ ಹೆಚ್ಚಿನದೇನೂ ಈಗ ನೆನಪಿಲ್ಲ.

ಈ ವೃತ್ತಿ ಹುಟ್ಟಿದ್ದು ಹೇಗೆ ಎಂಬುದನ್ನು ಕಾಲೇಜಿನಿಂದ ಬಂದಿರುವ ಎಂ.ಎಸ್.ಡಬ್ಲ್ಯು., ಎಂ.ಬಿ.ಎ. ವಿದ್ಯಾರ್ಥಿಗಳು ತಿಳಿದಿರಬೇಕು. ಹಳೆಯ ಗಿರಣಿಗಳಲ್ಲಿ ಆಳು ತೆಗೆದುಕೊಳ್ಳುವ, ಬಿಡಿಸುವ ಅಧಿಕಾರ ಜಾಬರ್ ಅಥವಾ ಮುಕಾದಮನ ಕೈಯಲ್ಲಿತ್ತು. ಕೆಲಸ ಬೇಕಾದರೆ ಅವನ ಕೈ ಬೆಚ್ಚಗೆ ಮಾಡಬೇಕು, ಕೆಲಸ ಉಳಿಯಬೇಕಾದರೂ ಮಾಡಬೇಕು. 1929ರಲ್ಲಿ ನೇಮಕವಾದ, ವಿಟ್ಲಿ ಎಂಬುವರ ಅಧ್ಯಕ್ಷತೆಯ ರಾಯಲ್ ಕಮಿಷನ್ 1931ರ ವರದಿಯಲ್ಲಿ ಈ ಲಂಚದ ಬೇರು ಕೀಳಬೇಕಾದರೆ ನೇಮಕಾತಿ ನೋಡಿಕೊಳ್ಳಲು ಲೇಬರ್ ಆಫೀಸರ್ ಎಂಬ ಬೇರೆಯೇ ಅಧಿಕಾರಿ ಬೇಕು ಎಂದಿತು. 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಮು 500 ಮತ್ತು ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಎಂದು ವಿಧಿಸಿತು. ಕೋಲ್ಕತ್ತದಲ್ಲಿ ಒಂದು, ಮುಂಬೈಯಲ್ಲಿ ಒಂದು ಎಂದು ಬೇರೆಬೇರೆಯಾಗಿದ್ದ ವೃತ್ತಿಸಂಸ್ಥೆಗಳು 1980ರಲ್ಲಿ ಕೂಡಿ ಎನ್.ಐ.ಪಿ.ಎಂ. ಎಂಬ ಒಂದೇ ರಾಷ್ಟ್ರೀಯ ಸಂಸ್ಥೆಯಾದವು. ಅಂದರೆ ನಾವು ಹುಟ್ಟಿದ್ದು ಬಡವನ ಜೇಬಿನಿಂದ ಲಂಚ ಹೋಗದಂತೆ ಕಾಯಲು. ಇವತ್ತಿಗೂ ಯಾವುದೋ ಏಜೆನ್ಸಿಯ ಹೆಸರಿನಲ್ಲಿ ನಮ್ಮ ಹಳ್ಳಿಯ ಹುಡುಗರಿಂದ ಡಿಪಾಸಿಟ್ ಕೇಳುವವರಿದ್ದಾರೆ ಎಂದರೆ ಜಾಬರ್ ಸತ್ತಿಲ್ಲ, ಅಂಗಿ ಬದಲಿಸಿದ್ದಾನೆ ಅಷ್ಟೆ.

ಕಿರಿಯರು ಕೂತಿದ್ದಾರೆಂದು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಾನು ಪರ್ಸನಲ್ ಆಫೀಸರ್ ಆಗಿದ್ದ ಹೊಸತು. ಕಾರ್ಖಾನೆಯ ಹೆಸರು ಬೇಡ. ನವಲಗುಂದ ತಾಲ್ಲೂಕಿನ ಹಳ್ಳಿಯವನೊಬ್ಬ ಮಳೆಗಾಲದಲ್ಲಿ ಮೂರು ದಿನ ಹೇಳದೆ ಕೇಳದೆ ಗೈರುಹಾಜರಾದ. ಅವನ ಮೇಲೆ ಅದಕ್ಕೂ ಮೊದಲು ಎರಡು ಮೆಮೊ ಇದ್ದವು. ನಾನು ಚೆಂದದ ಇಂಗ್ಲಿಷಿನಲ್ಲಿ ಚಾರ್ಜ್‌ಶೀಟ್ ಟೈಪ್ ಮಾಡಿಸಿ ಕೊಟ್ಟೆ. ಉತ್ತರ ಬರಲಿಲ್ಲ. ‘ಅವಕಾಶ ಕೊಟ್ಟರೂ ಸಮಜಾಯಿಷಿ ನೀಡಿಲ್ಲ’ ಎಂದು ಕಡತದಲ್ಲಿ ಬರೆದು ನಾಲ್ಕು ದಿನ ಸಸ್ಪೆಂಡ್ ಮಾಡಿಸಿದೆ. ಶಿಕ್ಷೆ ಮುಗಿಸಿಕೊಂಡು ಬಂದವನು ನನ್ನ ಟೇಬಲ್ ಮುಂದೆ ಆ ಕಾಗದ ಹಿಡಿದು ನಿಂತ. "ಸಾಹೇಬ್ರ, ಶಿಕ್ಷಾ ಅಂತೂ ಆತು. ಇದರಾಗ ನನ್ನ ಮ್ಯಾಲೆ ಏನು ತಪ್ಪು ಹೊರಿಸೀರಿ ಅನ್ನೋದು ಒಮ್ಮೆ ಕನ್ನಡದಾಗ ಹೇಳ್ರಲ್ಲ" ಎಂದ. ಹೇಳಿದೆ. "ಇಷ್ಟs ಏನ್ರಿ? ಬೆಣ್ಣಿಹಳ್ಳ ಬಂದು ದಾರಿ ಕಟ್ಟಾಗಿತ್ತು. ಮೊದಲs ಕೇಳಿದ್ರ ಹೇಳ್ತಿದ್ದೆ" ಎಂದು ಕೆಲಸಕ್ಕೆ ಹೋದ.

ಬೆಣ್ಣಿಹಳ್ಳ ತುಂಬಿದರೆ ನಮ್ಮ ಊರುಗಳು ನಡುಗಡ್ಡೆಯಾಗುತ್ತವೆಂದು ಆ ನೀರಿನ ದಂಡೆಯಲ್ಲೇ ಹುಟ್ಟಿದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಕುರ್ಚಿಯಲ್ಲಿ ಕೂತಾಗ ಮರೆತಿತ್ತು. ಕಾರ್ಖಾನೆಯ ಸ್ಥಾಯಿ ಆದೇಶಗಳನ್ನು ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಅಂಟಿಸಬೇಕೆಂದು 1946ರ ಕಾಯ್ದೆಯೇ ಹೇಳಿತ್ತು. ನಮ್ಮ ಗೇಟಿನಲ್ಲಿ ಆ ಕನ್ನಡ ಪ್ರತಿ ಇತ್ತು, ಗಾಜಿನ ಪೆಟ್ಟಿಗೆಯೊಳಗೆ, ಯಾರೂ ಓದಲಾಗದಷ್ಟು ಎತ್ತರದಲ್ಲಿ. ಅಂದಿನಿಂದ ನಾನು ಕನ್ನಡವಿಲ್ಲದ ಚಾರ್ಜ್‌ಶೀಟಿಗೆ ಸಹಿ ಹಾಕಲಿಲ್ಲ. ಈ ಬುದ್ಧಿಯನ್ನು ನನಗೆ ಯಾವ ತರಬೇತಿಯೂ ಕಲಿಸಿರಲಿಲ್ಲ.

ಭಾಷೆಯ ಮಾತು ಬಂದಾಗ ಧಾರವಾಡದ ಸರೋಜಿನಿ ಮಹಿಷಿಯವರನ್ನು ನೆನೆಯದೆ ಮುಂದೆ ಹೋಗಲಾಗದು. ಈ ಭಾಗದ ಸಂಸದೆಯಾಗಿದ್ದವರು. ಕನ್ನಡಿಗರ ಉದ್ಯೋಗದ ಬಗ್ಗೆ 1983ರಲ್ಲಿ ರಚನೆಯಾದ ಅವರ ಸಮಿತಿ 58 ಶಿಫಾರಸುಗಳನ್ನು ಕೊಟ್ಟಿತು. 2024ರ ಜುಲೈನಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆ ಸಂಪುಟದ ಒಪ್ಪಿಗೆ ಪಡೆದು, ಉದ್ಯಮಗಳ ಗದ್ದಲದ ನಡುವೆ ತಡೆಹಿಡಿಯಲ್ಪಟ್ಟಿತು. ಕಾನೂನು ಬರಲಿ, ಬಾರದಿರಲಿ, ಕಂಪನಿಗಳು ‘ಯೋಗ್ಯರು ಸಿಗುತ್ತಿಲ್ಲ’ ಎನ್ನುತ್ತವೆ, ಹುಡುಗರು ‘ನಮ್ಮನ್ನು ಕರೆಯುವುದೇ ಇಲ್ಲ’ ಎನ್ನುತ್ತಾರೆ. ಎರಡೂ ಮಾತನ್ನು ಒಂದೇ ದಿನ ಕೇಳಿಸಿಕೊಳ್ಳುವ ಜನ ನಾವು ಮಾತ್ರ. ಕೇಳಿಸಿಕೊಂಡು ಸುಮ್ಮನಿರುವುದಕ್ಕೆ ನಮಗೆ ಸಂಬಳವಿಲ್ಲ.

ಈಗ ಕಾನೂನು ಮತ್ತೆ ಮಗ್ಗುಲು ಬದಲಿಸಿದೆ. 2025ರ ನವೆಂಬರ್ 21ರಿಂದ 29 ಹಳೆಯ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. ನೇಮಕಾತಿ ಪತ್ರ ಬರಹದಲ್ಲಿ ಕೊಡಬೇಕು. ಕೆಲಸ ಬಿಟ್ಟವನ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಕಲ್ಯಾಣಾಧಿಕಾರಿಯ ಮಿತಿ 500ರಿಂದ 250ಕ್ಕೆ ಇಳಿದಿದೆ. ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ಗಟ್ಟಿಯಾದ ತಕರಾರುಗಳಿವೆ, ಆ ಚರ್ಚೆ ಬೇರೆ. ಈ ಮೂರು ಸಂಗತಿಗಳನ್ನಾದರೂ ಅಣ್ಣಿಗೇರಿಯ ಗಿರಣಿ ಮಾಲೀಕರಿಗೆ, ನವಲಗುಂದದ ಬೇಳೆ ಮಿಲ್ಲಿನವರಿಗೆ ಕನ್ನಡದಲ್ಲಿ ತಿಳಿಸಿಕೊಡುವವರು ಯಾರು? ಅವರ ಬಳಿ ಎಚ್.ಆರ್. ಇಲ್ಲ. ಹಾಜರಿ ಬರೆಯುವವನೇ ಅಲ್ಲಿ ಎಲ್ಲ. ಹತ್ತು ಮತ್ತು ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳಿದೆ. ಅದನ್ನು ಕೇಳಿಯೇ ಇಲ್ಲದ ಗಿರಣಿಗಳು ನಮ್ಮ ಕಣ್ಣಳತೆಯಲ್ಲೇ ಇವೆ.

ಗಿರಣಿಯಾಚೆಗೂ ಒಂದು ದೊಡ್ಡ ದುಡಿಮೆ ಇದೆ. ಕುಂದಗೋಳದ ಎರೆಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಬೆಳಗ್ಗೆ ರಸ್ತೆಗೆ ಬನ್ನಿ. ಟಂಟಂ, ಕ್ರೂಸರಿನೊಳಗೆ ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಕೂತು ಹೋಗುತ್ತಾರೆ. ಗುಂಪಿಗೊಬ್ಬಳು ಮುಂದಾಳು. ಯಾರು ಬಂದರು, ಯಾರು ಅರ್ಧ ದಿನಕ್ಕೇ ಎದ್ದುಹೋದರು, ಯಾರ ಮಗುವಿಗೆ ಜ್ವರ, ಎಲ್ಲ ಅವಳ ತಲೆಯಲ್ಲಿ. ನನ್ನ ಲೆಕ್ಕದಲ್ಲಿ ಈ ತಾಲ್ಲೂಕುಗಳ ನಿಜವಾದ ಎಚ್.ಆರ್. ಮ್ಯಾನೇಜರ್ ಅವಳೇ. 2021ರ ಆಗಸ್ಟಿನಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಮಾಡಿಸಿಕೊಡಲು ಅವಳೊಬ್ಬಳನ್ನು ಹಿಡಿದರೆ ಇಡೀ ಗುಂಪು ಬರುತ್ತದೆ. ನಿಮ್ಮ ಮುಂದಿನ ಮಾಸಿಕ ಸಭೆಗೆ ಉಪನ್ಯಾಸಕರು ಬೇಕಾಗಿದ್ದರೆ ಅಂಥವಳೊಬ್ಬಳನ್ನು ಕರೆಯಿರಿ. ಕಾಣಿಕೆಯ ಫಲಕ ಬೇಡ, ಒಂದು ದಿನದ ಕೂಲಿ ಕೊಡಿ.

ಕಾರ್ಯದರ್ಶಿಗಳು ಸಂಘದ ಕೆಲಸಗಳನ್ನು ನನಗೆ ಹೇಳಿದರು. ಐ.ಟಿ.ಐ. ಮತ್ತು ಡಿಗ್ರಿ ಕಾಲೇಜುಗಳಲ್ಲಿ ಸಂದರ್ಶನದ ತಾಲೀಮು ಮಾಡಿಸುತ್ತೀರಿ, ತಿಂಗಳಿಗೊಮ್ಮೆ ಒಂದೊಂದು ತಾಲ್ಲೂಕಿನಲ್ಲಿ ಕೂಡುತ್ತೀರಿ. ಒಳ್ಳೆಯದು. ಒಂದು ಮಾತು ಮಾತ್ರ ನಿಷ್ಠುರವಾಗಿ ಹೇಳುತ್ತೇನೆ. ಮೇಳದ ಸಂಜೆ ಎಷ್ಟು ಆಫರ್ ಲೆಟರ್ ಕೊಟ್ಟೆವು ಎಂದು ಪತ್ರಿಕೆಗೆ ಕೊಡುತ್ತೇವೆ. ಆರು ತಿಂಗಳ ನಂತರ ಎಷ್ಟು ಮಂದಿ ಉಳಿದರು ಎಂದು ಕೊಡುವುದಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾಗಿ ಧಾರವಾಡಕ್ಕೂ ಬಂದ ರುಡ್‌ಸೆಟ್ ಸಂಸ್ಥೆಯವರು ತರಬೇತಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕಲಿತು ಹೋದವನ ಬೆನ್ನುಹತ್ತಿ, ಅಂಗಡಿ ಇಟ್ಟನೇ, ಸಾಲ ಸಿಕ್ಕಿತೇ ಎಂದು ವಿಚಾರಿಸಿದರು. ಆ ಮಾದರಿಯನ್ನೇ ದೇಶದ ಜಿಲ್ಲೆಗಳಿಗೆಲ್ಲ ಸರ್ಕಾರ ಹಬ್ಬಿಸಿತು. ನಮ್ಮ ಹುಡುಗಿಯರು ಕೆಲಸ ಬಿಡುವುದು ಬಹಳ ಸಲ ಕೆಲಸ ಬಾರದ್ದಕ್ಕಲ್ಲ. ಎರಡನೇ ಪಾಳಿ ಮುಗಿದ ಮೇಲೆ ಊರಿಗೆ ಬಸ್ಸಿಲ್ಲ. ಇದನ್ನು ಎಕ್ಸಿಟ್ ಇಂಟರ್‌ವ್ಯೂ ಹಾಳೆಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆಯುತ್ತೇವೆ! ಮುಂದಿನ ಮೇಳದ ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರು ಸಣ್ಣದಾಗಲಿ, ಈ ಮೇಳದಲ್ಲಿ ಸೇರಿದವರಲ್ಲಿ ಉಳಿದವರ ಸಂಖ್ಯೆ ದಪ್ಪಕ್ಷರದಲ್ಲಿರಲಿ.

ತರುಣರಿಗೆ ಎರಡೇ ಮಾತು. ಇಲ್ಲಿ ಕೂತವರು ನಿಮ್ಮನ್ನು ಕೇಳುವ ಹಾಗೆ ನೀವೂ ಅವರನ್ನು ಕೇಳಬೇಕು. ಪತ್ರ ಯಾವಾಗ ಕೊಡುತ್ತೀರಿ, ಅದರಲ್ಲಿ ಇರುವ ಹೆಸರು ಕಂಪನಿಯದೋ ಗುತ್ತಿಗೆದಾರನದೋ, ಪಿ.ಎಫ್., ಇ.ಎಸ್.ಐ. ಕಟ್ಟುತ್ತೀರಾ, ಬಸ್ಸಿನ ವ್ಯವಸ್ಥೆ ಏನು? ಹೀಗೆ ಕೇಳಿದ್ದಕ್ಕೇ ನಿಮ್ಮನ್ನು ಬೇಡವೆಂದ ಕಂಪನಿಗೆ ನೀವು ಸೇರದಿದ್ದದ್ದೇ ಲೇಸು. ಯಾರಾದರೂ ಹಣ ಕೇಳಿದರೆ ಸೀದಾ ಈ ವೇದಿಕೆಗೆ ಬಂದು ಹೇಳಿ, ಸಂಜೆಯವರೆಗೂ ನಾನು ಇಲ್ಲೇ ಇರುತ್ತೇನೆ.

ಜಮಖಾನದ ಅಕ್ಕನನ್ನು ಬರುವಾಗ ಕೇಳಿದೆ, "ಯಾರಿಗಾದರೂ ಕಲಿಸ್ತೀರೇನ್ರಿ?" ಅವರು ಪಂಜಾ ಕೆಳಗಿಡದೆ, "ಬಂದು ಕುಂತ್ರ ಕಲಿಸ್ತೀನ್ರಿ, ಯಾರೂ ಕುಂದರಂಗಿಲ್ಲ" ಎಂದರು. ಮಗ್ಗದ ಎದುರು ಇನ್ನೊಂದು ಮಣೆ ಖಾಲಿ ಇದೆ. ನೋಡಿ.

ಮೇಳವನ್ನು ಉದ್ಘಾಟಿಸಿದ್ದೇನೆ. ಕಂಪನಿಯವರಲ್ಲಿ ಒಂದು ವಿನಂತಿ: ಸಂದರ್ಶನಕ್ಕೆ ಕಲಘಟಗಿ ಕಡೆಯಿಂದ ಬಂದವರನ್ನು ಮೊದಲು ಕರೆಯಿರಿ, ಅವರು ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಊರು ಮುಟ್ಟಬೇಕು.