ಬರೆದಿಡಲಾಗದ ಕಲೆಯ ಸಾಕ್ಷ್ಯ

(ಮಾಟುಂಗದಲ್ಲಿ ತಾಳಮದ್ದಳೆಯನ್ನು ಕುರಿತು ಜರಗಿದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ತಾಳಮದ್ದಳೆಯ ಗೋಷ್ಠಿಯಲ್ಲಿ ನಾನು ಜಾಝ್ ಸಂಗೀತದ ಮಾತೆತ್ತಿದರೆ ಕೆಲವರಿಗೆ ಅಪ್ರಸ್ತುತವೆನಿಸೀತು. ಆದರೆ ಜಾಝ್ ಈ ನಗರಕ್ಕೆ ಹೊಸತಲ್ಲ. 1930ರ ದಶಕದಲ್ಲಿಯೇ ತಾಜ್ ಮಹಲ್ ಹೋಟೆಲಿನಲ್ಲಿ ಅಮೆರಿಕದ ಕರಿಯ ವಾದಕರು ಅದನ್ನು ನುಡಿಸಿದ್ದರು. 1978ರಲ್ಲಿ ನಿರಂಜನ ಝವೇರಿಯವರ ಮುಂದಾಳುತನದಲ್ಲಿ ‘ಜಾಝ್ ಯಾತ್ರಾ’ ಉತ್ಸವ ಆರಂಭವಾಯಿತು. ಧೋಬಿತಲಾವಿನ ರಂಗಭವನದ ಬಯಲು ಅದರ ನೆಲೆಯಾಯಿತು. ಉದ್ಯೋಗನಿಮಿತ್ತ 1990ರ ದಶಕದಲ್ಲಿ ಇಲ್ಲಿಗೆ ಬಂದ ನನಗೆ ಸಹೋದ್ಯೋಗಿಯೊಬ್ಬರು ಒಂದು ಕ್ಯಾಸೆಟ್ಟು ಕೊಟ್ಟರು. ನನ್ನ ಇಂದಿನ ಮಾತಿಗೆ ಅದೇ ಮೂಲ.

1962ರ ನವೆಂಬರ್ 23ರಂದು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಕೆಫೆ ಮಾಂಟ್‌ಮಾರ್ಟ್ರ್‌ನಲ್ಲಿ, ಶ್ರೋತೃಗಳ ಎದುರಿನಲ್ಲಿಯೇ ಮುದ್ರಿತವಾದ ಕಛೇರಿ ಅದು. ಪಿಯಾನೋದಲ್ಲಿ ಸಿಸಿಲ್ ಟೇಲರ್, ಸ್ಯಾಕ್ಸೊಫೋನಿನಲ್ಲಿ ಜಿಮ್ಮಿ ಲಯನ್ಸ್, ಡ್ರಮ್ಮಿನಲ್ಲಿ ಸನ್ನಿ ಮರೆ. ಜಾಝ್‌ನಲ್ಲಿ ರೂಢಿಯಾಗಿರುವ ಮಂದ್ರಸ್ವರದ ಬಾಸ್ ವಾದ್ಯ ಇಲ್ಲಿಲ್ಲ. ಡ್ರಮ್ ಕೂಡ ಒಂದೇ ಲೆಕ್ಕದ ತಾಳವನ್ನು ಕಾಯುವುದಿಲ್ಲ. ಪಿಯಾನೋ ಹೇಳಿದ್ದಕ್ಕೆ ಅದು ಅಲೆಅಲೆಯಾಗಿ ಮರುನುಡಿಯುತ್ತದೆ. ಜನಪ್ರಿಯ ಹಾಡೊಂದನ್ನು ಎತ್ತಿಕೊಂಡಾಗಲೂ ಅವರು ಅದನ್ನು ಗುರುತು ಸಿಗದಂತೆ ಬೆಳೆಸುತ್ತಾರೆ. ಬಾಸ್ಟನ್ನಿನ ಪ್ರತಿಷ್ಠಿತ ಸಂಗೀತಶಾಲೆಯಲ್ಲಿ ಓದಿದ ಟೇಲರ್ (1929–2018) ಇಂಥ ಸಂಗೀತಕ್ಕೆ ಅವಕಾಶ ಸಿಗದೆ ಪಾತ್ರೆ ತೊಳೆದು ಜೀವಿಸಿದ ದಿನಗಳೂ ಉಂಟು.

ಮೊದಲ ಸಲ ಕೇಳಿದಾಗ ನನಗದು ಸಂಜೆಯ ದಾದರ್ ನಿಲ್ದಾಣದ ಗದ್ದಲದಂತಿತ್ತು. ನಾಲ್ಕಾರು ಸಲ ಕೇಳಿದ ಬಳಿಕ ಮೂವರೂ ಪರಸ್ಪರರನ್ನು ಎಷ್ಟು ಎಚ್ಚರದಿಂದ ಆಲಿಸುತ್ತಿದ್ದಾರೆಂಬುದು ಅರಿವಾಯಿತು. ಆಗ ನನಗೆ ನೆನಪಾದದ್ದು ಊರಿನ ತಾಳಮದ್ದಳೆ.

ಬಂಧುಗಳೇ, ಪ್ರಸಂಗದ ಪದಗಳು ಪುಸ್ತಕದಲ್ಲಿವೆ. ಅರ್ಥ ಯಾವ ಪುಸ್ತಕದಲ್ಲಿಯೂ ಇಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದೊಡನೆ ಅರ್ಥಧಾರಿ ತನ್ನ ಮಾತನ್ನು ಆ ಕ್ಷಣದಲ್ಲಿಯೇ ಕಟ್ಟಬೇಕು. ಇದಿರು ಅರ್ಥಧಾರಿ ಎಸೆದ ಪ್ರಶ್ನೆಗೆ ಉತ್ತರಿಸಬೇಕು, ಕಥೆಯ ಚೌಕಟ್ಟನ್ನೂ ಮೀರಬಾರದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಹಿರಿಮೆ ಈ ಸ್ವಾತಂತ್ರ್ಯವನ್ನು ಅಧ್ಯಯನದ ಬಲದಿಂದ ನಿರ್ವಹಿಸಿದ್ದರಲ್ಲಿದೆ. ಸಿದ್ಧತೆಯಿಲ್ಲದ ಸ್ವಾತಂತ್ರ್ಯ ಬರಿಯ ಹರಟೆ, ಜಾಝ್‌ನಲ್ಲಿಯೂ ಹಾಗೆಯೇ.

ಇನ್ನು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ, ಮಳೆಗಾಲದ ಒಂದು ರಾತ್ರಿ, ಮುಲುಂಡಿನಲ್ಲಿ ‘ವಾಲಿವಧೆ’ಯ ತಾಳಮದ್ದಳೆ ನಡೆಯಿತು. ವಾಲಿಯ ಅರ್ಥ ಹೇಳಿದ ಹಿರಿಯರು ರಾಮನನ್ನು ಕೇಳಿದ ಪ್ರಶ್ನೆಗಳಿಗೆ ಸಭೆ ಉಸಿರು ಬಿಗಿಹಿಡಿದಿತ್ತು. ಟೇಪ್ ರೆಕಾರ್ಡರ್ ನನ್ನ ಮನೆಯಲ್ಲಿಯೇ ಇತ್ತು. ಮಳೆಗೆ ಅಂಜಿ ಒಯ್ಯಲಿಲ್ಲ. ಆ ಹಿರಿಯರು ಈಗಿಲ್ಲ. ಆ ರಾತ್ರಿಯ ಒಂದು ವಾಕ್ಯವನ್ನೂ ಇಂದು ಯಥಾವತ್ತಾಗಿ ಹೇಳಲಾರೆ. ಅರವತ್ತು ವರ್ಷಗಳಿಗೂ ಹಿಂದೆ ಕೋಪನ್‌ಹೇಗನ್ನಿನಲ್ಲಿ ನುಡಿದದ್ದು ನನ್ನ ಬಳಿ ಇದೆ, ಮುಲುಂಡಿನಲ್ಲಿ ನನ್ನ ಕಣ್ಣೆದುರು ನುಡಿದದ್ದು ಇಲ್ಲ!

ಮುದ್ರಿಸಿದರೆ ಕಿರಿಯರು ಬಾಯಿಪಾಠ ಮಾಡುತ್ತಾರೆಂದು ಕೆಲವರು ಆಕ್ಷೇಪಿಸುವುದುಂಟು. ಆ ಆತಂಕ ನಿರಾಧಾರವಲ್ಲ. ಆದರೆ ಒಂದೇ ಪ್ರಸಂಗವನ್ನು ನಾಲ್ವರು ಬೇರೆಬೇರೆಯಾಗಿ ಹೇಳಿದ್ದನ್ನು ಕೇಳಿದ ಕಿರಿಯನಿಗೆ ಐದನೆಯ ದಾರಿಯೂ ಉಂಟೆಂದು ಹೊಳೆಯುತ್ತದೆ. ಕನ್ನಡ ಲಿಪಿ ಬಾರದ ನಮ್ಮ ಮಕ್ಕಳಿಗಂತೂ ಕಿವಿಯೇ ಕನ್ನಡದ ಹೆಬ್ಬಾಗಿಲು.

ಆದ್ದರಿಂದ ನನ್ನ ವಿನಂತಿ ಇಷ್ಟೆ: ಬರುವ ಮಳೆಗಾಲದಿಂದ ನಮ್ಮ ಸಂಘ ಪ್ರತಿಯೊಂದು ಕೂಟವನ್ನೂ ಪೂರ್ತಿಯಾಗಿ ಮುದ್ರಿಸಲಿ. ದಿನಾಂಕ, ಸ್ಥಳ, ಪ್ರಸಂಗ, ಭಾಗವತರು, ಅರ್ಥಧಾರಿಗಳು, ಚೆಂಡೆ-ಮದ್ದಳೆಯವರ ಹೆಸರು, ಇಷ್ಟನ್ನು ತಪ್ಪದೆ ದಾಖಲಿಸಲಿ. ಶಬ್ದನಿಯಂತ್ರಣದ ನಿಯಮಗಳಿಂದಾಗಿ 2000ದ ದಶಕದಲ್ಲಿ ರಂಗಭವನದ ಸಂಗೀತ ನಿಂತುಹೋಯಿತು. ಸಭಾಂಗಣಗಳು ಮುಚ್ಚುತ್ತವೆ, ಕಲಾವಿದರು ಅಗಲುತ್ತಾರೆ. ಬರೆದಿಡಲಾಗದ ಕಲೆಗೆ ಧ್ವನಿಮುದ್ರಿಕೆಯೇ ಗ್ರಂಥ. ಹೊರನಾಡಿನ ನಾವು ಆ ಗ್ರಂಥಭಂಡಾರವನ್ನು ಕಟ್ಟದಿದ್ದರೆ ಇಲ್ಲಿ ನುಡಿದ ಕನ್ನಡಕ್ಕೆ ಸಾಕ್ಷಿಯೇ ಉಳಿಯದು.